ನೆತ್ತಿ ನಿಂದು, ಗಂಟ್ಲ ನಂದು

ಕಿವಿ ಮೂಗು ಗಂಟಲಿನ ಡಾಕ್ಟರಾಗಬೇಕೆಂದು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲ ದಿನ ಪುಸ್ತಕ ತೆಗೆಯಲು ಬಿಡುತ್ತಿರಲಿಲ್ಲ. ನಿಮ್ಮ ನಿಮ್ಮ ಕತ್ತಿನ ಮೇಲೆ ಬೆರಳಿಡಿ ಅನ್ನುತ್ತಿದ್ದೆ. ಓದುತ್ತಿರುವ ನೀವೂ ಇಡಿ. ಗದ್ದದಿಂದ ಕೆಳಕ್ಕೆ ಜಾರಿಸಿದರೆ ಒಂದು ಗಟ್ಟಿ ಉಬ್ಬು ಸಿಗುತ್ತದೆ. ಗಂಡಸರಲ್ಲಿ ಎದ್ದು ಕಾಣುತ್ತದೆ, ಹೆಂಗಸರಲ್ಲಿ ಹುಡುಕಬೇಕು. ಅದು ಧ್ವನಿಪೆಟ್ಟಿಗೆ. ಉಗುಳು ನುಂಗಿ, ಅದು ಮೇಲೆ ಹೋಗಿ ಮತ್ತೆ ಕೆಳಗೆ ಬರುತ್ತದೆ. ಅದರ ಕೆಳಗೆ ಬೆರಳ ತುದಿಗೆ ಸಣ್ಣದೊಂದು ತಗ್ಗು ತಾಗುತ್ತದೆ. ಮೇಲಿನ ದಾರಿಯೆಲ್ಲ ಮುಚ್ಚಿಹೋದ ದಿನ ನೀವು ಸೂಜಿ ಚುಚ್ಚಬೇಕಾದ ಜಾಗ ಅದು. ಆ ದಿನ ಅದನ್ನು ಹುಡುಕಲು ಹೊರಟರೆ ಆಗುವುದಿಲ್ಲ, ಇವತ್ತೇ ಹುಡುಕಿಟ್ಟುಕೊಳ್ಳಿ.

ಈ ಗಂಟಲನ್ನು ಯಾರೇ ಮಾಡಿರಲಿ, ಒಂದು ಎಡವಟ್ಟು ಮಾಡಿಟ್ಟಿದ್ದಾರೆ ಎಂಬುದು ನನ್ನ ಹಳೆಯ ದೂರು. ಮೂಗಿನಿಂದ ಹಿಂದೆ ಇಳಿದ ಗಾಳಿ ಮುಂದಿರುವ ಉಸಿರ್ನಾಳಕ್ಕೆ ಹೋಗಬೇಕು. ಬಾಯಿಂದ ಮುಂದೆ ಬಂದ ಅನ್ನ ಹಿಂದಿರುವ ಅನ್ನನಾಳಕ್ಕೆ ಹೋಗಬೇಕು. ಎರಡೂ ನಡುವೆ ಒಂದನ್ನೊಂದು ದಾಟಬೇಕು. ಆ ದಾಟುವ ಜಾಗದಲ್ಲಿ ಎಲೆಯಾಕಾರದ ಒಂದು ಮುಚ್ಚಳವಿದೆ. ಪ್ರತಿ ತುತ್ತಿಗೂ ಧ್ವನಿಪೆಟ್ಟಿಗೆ ಮೇಲೇಳುತ್ತದೆ, ಮುಚ್ಚಳ ಬಾಗುತ್ತದೆ, ಒಳಗಿನ ಧ್ವನಿತಂತುಗಳು ಒತ್ತಿ ನಿಲ್ಲುತ್ತವೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಉಸಿರು ತಡೆಯುತ್ತದೆ. ಇಷ್ಟೆಲ್ಲ ನಡೆದದ್ದು ನಮಗೆ ಗೊತ್ತೇ ಆಗುವುದಿಲ್ಲ. ಒಂದೇ ಒಂದು ಸಲ ತಪ್ಪಿದರೆ ಮನೆಮಂದಿಯೆಲ್ಲ ಎದ್ದು ಬೆನ್ನಿಗೆ ಗುದ್ದುತ್ತಾರೆ. ಇದನ್ನು ತೋರಿಸಲು ನಾನು ಜಹೀರಾಬಾದಿನ ಮಟನ್ ಅಂಗಡಿಯಿಂದ ಕುರಿಯ ಗಂಟಲು ತರಿಸುತ್ತಿದ್ದೆ. ಮೂಗು ಮುಚ್ಚಿಕೊಂಡು ನಿಂತವರಿಗೆ ಅದನ್ನೇ ಕೈಯಲ್ಲಿ ಹಿಡಿಸುತ್ತಿದ್ದೆ. ನಾನು ಕೆಟ್ಟ ಮೇಡಂ ಎಂದು ಹೆಸರು ಬಂದದ್ದು ಬಹುಶಃ ಅಲ್ಲಿಂದಲೇ.

ನನ್ನ ಕೆಲಸವೆಲ್ಲ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರೂರುಗಳ ನಡುವೆಯೇ ಮುಗಿಯಿತು. ಯಾವ ಆಸ್ಪತ್ರೆ, ಯಾವ ಹುದ್ದೆ ಎಂಬುದರಿಂದ ನಿಮಗೇನೂ ಲಾಭವಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಡಾಕ್ಟರೊಬ್ಬರಿದ್ದರು, ಮಹಾ ಮುಂಗೋಪಿ. ರೋಗಿ ಒಳಗೆ ಬಂದ ಕೂಡಲೇ ನಾನು ಹಣೆಗನ್ನಡಿ ಸರಿಮಾಡಿಕೊಂಡರೆ ಕೈಮೇಲೆ ಫಟ್ಟನೆ ಹೊಡೆಯುತ್ತಿದ್ದರು. ಮೊದಲು ಕಣ್ಣು ಮುಚ್ಚಿ ಕೇಳು, ಆಮೇಲೆ ನೋಡು ಅನ್ನುತ್ತಿದ್ದರು. ದನಿ ಒಡೆದಿದೆಯೋ, ಬಾಯಿ ತುಂಬ ಬಿಸಿ ತುತ್ತು ಇಟ್ಟುಕೊಂಡವರ ಹಾಗೆ ಮಾತು ಮುದ್ದೆಯಾಗಿದೆಯೋ, ಸದ್ದು ಬರುವುದು ಉಸಿರು ಒಳಗೆ ಹೋಗುವಾಗಲೋ ಹೊರಗೆ ಬರುವಾಗಲೋ. ಒಳಗೆ ಹೋಗುವಾಗ ಸದ್ದಾದರೆ ಅಡ್ಡಿ ಮೇಲೆಯೇ ಇದೆ ಎಂದು ಅರ್ಧ ಗೊತ್ತಾದಂತೆ. ಆಗ ಸಿಟ್ಟು ಬರುತ್ತಿತ್ತು. ಈಗ ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕೆನಿಸುತ್ತದೆ, ಅವರಿಲ್ಲ.

ತಾಂಡೂರಿನಲ್ಲಿ ತೊಗರಿ ಸುಗ್ಗಿ ಬಂತೆಂದರೆ ನಮಗೂ ಸುಗ್ಗಿ. ಮಕ್ಕಳು ಕಾಳಿನ ರಾಶಿಯ ಮೇಲೆ ಆಡುತ್ತವೆ, ಕಾಳು ಬಾಯಿಗೆ ಹೋಗುತ್ತದೆ, ನಗುವಾಗ ಉಸಿರ್ನಾಳಕ್ಕೆ ಇಳಿಯುತ್ತದೆ. ಭಯಂಕರ ಕೆಮ್ಮು ಬಂದು ತಟ್ಟನೆ ನಿಲ್ಲುತ್ತದೆ. ಎಲ್ಲರೂ ಸಮಾಧಾನಪಡುವುದು ಅಲ್ಲೇ, ಮೋಸ ಇರುವುದೂ ಅಲ್ಲೇ. ಕಾಳು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಒಳಗೆ ತೇವಕ್ಕೆ ನೆನೆದು ಉಬ್ಬುತ್ತದೆ. ಎದೆಯ ಎರಡೂ ಕಡೆ ಕಿವಿಗೊಟ್ಟು, ಒಂದು ಕಡೆ ಉಸಿರಿನ ಸದ್ದು ಮಂಕಾಗಿದ್ದರೆ ಎಕ್ಸ್‌ರೇ ಪಕ್ಕಕ್ಕಿಟ್ಟು ಮಗುವನ್ನು ಹೈದರಾಬಾದಿಗೆ ಹೊರಡಿಸಬೇಕು. ಹಾಗೆ ಕಳಿಸಿದ್ದಕ್ಕೆ ಬೈಸಿಕೊಂಡಿದ್ದೇನೆ, ಆದರೆ ಕಳಿಸುವುದನ್ನು ಬಿಡಲಿಲ್ಲ.

ಇನ್ನೊಮ್ಮೆ ಕುರಿ ಕಾಯುವವನೊಬ್ಬ ರಕ್ತ ಉಗುಳುತ್ತ ಬಂದ. ಮನೆಯವರು ಕೆಟ್ಟ ರೋಗವೆಂದು ಅತ್ತೂ ಆಗಿತ್ತು. ಕನ್ನಡಿ ಹಿಡಿದರೆ ಧ್ವನಿಪೆಟ್ಟಿಗೆಯ ಪಕ್ಕದಲ್ಲಿ ಕರ್ರಗಿನದೊಂದು ಮೆಲ್ಲಗೆ ಹೊರಳಿತು. ಜಿಗಣೆ! ಕುಂಟೆಯ ನಿಂತ ನೀರಿಗೆ ಬಾಯಿ ಹಚ್ಚಿ ಕುಡಿದಾಗ ಹೊಕ್ಕಿತ್ತು. ಮರಗಟ್ಟುವ ಔಷಧಿ ಸಿಂಪಡಿಸಿ ಇಕ್ಕಳದಿಂದ ಎಳೆದು ತಟ್ಟೆಗೆ ಹಾಕಿದೆ. ಅವನು ಬಗ್ಗಿ ನೋಡಿ, "ಇನ್ನಾ ಜೀವ ಅದ ಏನ್ರಿ ಇದಕ್ಕ? ಇಷ್ಟು ದಿನ ನಾ ಸಾಕೀನ್ರಿ" ಅಂದ. ಈಗ ಕ್ಯಾಮೆರಾ ಬಂದಿದೆ, ರೋಗಿ ತನ್ನ ಗಂಟಲನ್ನು ತಾನೇ ಟಿ.ವಿ.ಯಲ್ಲಿ ನೋಡುತ್ತಾನೆ. ಒಳ್ಳೆಯದೇ. ಆದರೆ ಕಣ್ಣು ಬೆಳೆದಷ್ಟು ನಿಮ್ಮ ಕಿವಿ ಮಂದವಾಗುತ್ತಿದೆ ಎಂದು ನನಗೆ ಕಸಿವಿಸಿ. ಅದಕ್ಕೇ ಈಗ ಹೇಳುವುದನ್ನು ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮ ಕಡೆ ಮಗು ಗಂಟಲು ನೋವೆಂದು ಊಟ ಬಿಟ್ಟರೆ "ಗಂಟ್ಲ ಬಿದ್ದದ" ಅನ್ನುತ್ತಾರೆ. ಬಾಯಿಯ ಹಿಂದೆ ಜೋತಾಡುವ ಕಿರುನಾಲಿಗೆ ಕೆಳಗೆ ಬಿದ್ದಿದೆ ಎಂದು ಅವರ ಲೆಕ್ಕ. ಅದನ್ನು ಎತ್ತುವ ಹೆಂಗಸರು ಅಲ್ಲಲ್ಲಿ ಇರುತ್ತಾರೆ. ಹೆಬ್ಬೆರಳಿಗೆ ಅರಿಶಿನ ಉಪ್ಪು ಹಚ್ಚಿ, ಮಗುವಿನ ಬಾಯಿಗೆ ತೂರಿಸಿ, ಕಿರುನಾಲಿಗೆಯನ್ನು ಮೇಲಕ್ಕೆ ಒತ್ತುತ್ತಾರೆ. ಆಮೇಲೆ ನೆತ್ತಿಗೆ ಒಂದು ಬೊಟ್ಟು ಸುಣ್ಣ. ಸುಣ್ಣ ಒಣಗಿ ಬಿಗಿದಂತೆ ಗಂಟಲೂ ಮೇಲೆ ಎಳೆದುಕೊಳ್ಳುತ್ತದಂತೆ. ಸಾಮಾನ್ಯ ಗಂಟಲು ನೋವು ಹೇಗಿದ್ದರೂ ತಾನೇ ಹೋಗುತ್ತದೆ, ಹೆಸರು ಹೆಬ್ಬೆರಳಿಗೆ ಬರುತ್ತದೆ. ಕೊಳೆ ಉಗುರಿನಿಂದ ಹುಣ್ಣಾದ ಗಂಟಲುಗಳನ್ನು ನೋಡಿ ನೋಡಿ ನಾನು ಈ ಹೆಂಗಸರ ಮೇಲೆ ಹಲ್ಲು ಮಸೆಯುತ್ತಿದ್ದೆ.

ಅಂಥವರಲ್ಲಿ ಒಬ್ಬಳು ನನಗೆ ಎದುರಾದದ್ದು ನಾರಾಯಣಖೇಡದ ಹತ್ತಿರದ ಕಂಗ್ಟಿಯಲ್ಲಿ. ಶಾಲೆಯ ಮಕ್ಕಳ ಕಿವಿ ನೋಡಲು ಹೋಗಿದ್ದೆವು. ನನ್ನ ಜೊತೆ ಆಗಷ್ಟೇ ಕೆಲಸಕ್ಕೆ ಸೇರಿದ ಡಾಕ್ಟರ್ ಸುನೀತಾ ಇದ್ದಳು, ಚುರುಕು ಹುಡುಗಿ, ಕೈ ಮಾತ್ರ ಬಾಯಿಗಿಂತ ಮುಂದೆ. ಮಧ್ಯಾಹ್ನದ ಊಟ ಮುಗಿದಿತ್ತು. ಒಬ್ಬ ಮುದುಕಿ ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡು ಶಾಲೆಯ ಪಡಸಾಲೆಗೆ ಬಂದಳು.

"ಬಾಯೋರ," ಅಂದಳು. ನಮ್ಮ ಕಡೆ ಟೀಚರಮ್ಮನನ್ನೂ ಡಾಕ್ಟರಮ್ಮನನ್ನೂ ಹಾಗೆಯೇ ಕರೆಯುವುದು. "ಈ ಕೂಸಿಗಿ ಗಂಟ್ಲ ಬಿದ್ದದರಿ. ಮುಂಜಾನಿಂದ ನೀರ್ ಸೈತ ಇಳಿವಲ್ದು."

ನಾನು ತಲೆ ಎತ್ತುವ ಮೊದಲೇ ಸದ್ದು ಕೇಳಿತು. ಉಸಿರು ಒಳಗೆ ಹೋಗುವಾಗಲೆಲ್ಲ ತೆಳ್ಳಗಿನ, ಒದ್ದೆ ಸದ್ದು. ಆಮೇಲೆ ನೋಡಿದೆ. ನಾಲ್ಕು ವರ್ಷದ ಹೆಣ್ಣುಮಗು. ಗದ್ದ ಮುಂದೆ ಚಾಚಿದೆ, ಬಾಯಿ ತೆರೆದಿದೆ, ಜೊಲ್ಲು ನುಂಗಲಾಗದೆ ಅಂಗಿಯ ಮೇಲೆ ಹರಿಯುತ್ತಿದೆ, ಮೈ ಕಾದಿದೆ, ಅಳುತ್ತಿಲ್ಲ. ಅಳದ ಮಗುವನ್ನು ಕಂಡರೆ ಇವತ್ತಿಗೂ ನಾನು ಕೈಯಲ್ಲಿದ್ದುದನ್ನು ಬಿಟ್ಟು ಏಳುತ್ತೇನೆ. ಅಳುವುದಕ್ಕೂ ಉಸಿರು ಬೇಕು.

ಸುನೀತಾ ಆಗಲೇ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ನಾಲಿಗೆ ಒತ್ತುವ ಪಟ್ಟಿ ಹಿಡಿದು, "ಆ ಅನ್ನು ಪುಟ್ಟಾ" ಎಂದು ಬಗ್ಗಿದ್ದಳು. ಮುದುಕಿ ಅವಳನ್ನು ಪಕ್ಕಕ್ಕೆ ಸರಿಸಿದಳು. "ನೀವ್ಯಾಕ್ರಿ, ಎತ್ತಾಕಿ ನಾನೇ ಇದ್ದೀನಿ. ಮನ್ಯಾಗ ಹಿಡ್ಕೊಳಾಕ ಯಾರೂ ಇಲ್ಲ ಅಂತ ಬಂದೀನ್ರಿ. ನೀವೊಬ್ರು ಕಾಲ್ ಹಿಡೀರಿ, ಅಂಗಾತ ಮಲಗಸ್ತೀನಿ." ಅವಳ ಹೆಬ್ಬೆರಳು ಅರಿಶಿನದಿಂದ ಹಳದಿಯಾಗಿತ್ತು.

"ಇಬ್ಬರೂ ಕೈ ತೆಗೀರಿ!" ಎಂದು ಕೂಗಿದೆ. ಪಡಸಾಲೆಯಲ್ಲಿದ್ದ ಮಕ್ಕಳೆಲ್ಲ ಗಪ್‌ಚಿಪ್ಪಾದರು.

ಯಾಕೆ ಕೂಗಿದೆ ಎಂದು ಹೇಳುತ್ತೇನೆ. ಬಿದ್ದದ್ದು ಕಿರುನಾಲಿಗೆಯಲ್ಲ. ಅದಕ್ಕಿಂತ ಕೆಳಗೆ, ನಾಲಿಗೆಯ ಬುಡದ ಹಿಂದೆ, ನಾನು ಮೊದಲು ಹೇಳಿದ ಆ ಮುಚ್ಚಳವೇ ಸೋಂಕಿನಿಂದ ಬಾತಿತ್ತು. ಉಸಿರಿಗೆ ಉಳಿದಿದ್ದುದು ಒಂದು ಎಳೆಯಷ್ಟು ಸಂದು. ಅಂಥ ಗಂಟಲಿಗೆ ಪಟ್ಟಿ ತಾಗಿದರೂ ಸಾಕು, ಬೆರಳು ತಾಗಿದರೂ ಸಾಕು, ಬಿಗಿದು ಮುಚ್ಚಿಕೊಳ್ಳಬಹುದು. ಅಂಗಾತ ಮಲಗಿಸಿದರೆ ಬಾತ ಮುಚ್ಚಳ ಹಿಂದಕ್ಕೆ ಬೀಳುತ್ತದೆ. ಅಳಿಸಿದರೂ ಅಷ್ಟೆ. ನೋಡಲೇಬಾರದ ಗಂಟಲು ಅದು. ಮುದುಕಿಯ ಹೆಬ್ಬೆರಳಿಗೂ ನಮ್ಮ ಡಾಕ್ಟರಮ್ಮನ ಪಟ್ಟಿಗೂ ಆ ಕ್ಷಣದಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಸುನೀತಾ ಪಟ್ಟಿ ಕೆಳಗಿಟ್ಟು ಹಿಂದೆ ಸರಿದಳು. ಮುದುಕಿ ಸರಿಯಲಿಲ್ಲ. ಅವಳ ಹೆಸರು ಸಂಗಮ್ಮ, ಮಗು ಅವಳ ಮಗನ ಮಗಳು ಕಮಲಿ. ಕುರಿ ಸಾಕುವ ಮನೆ. ತೊಗರಿ ಕಟಾವಾದ ಹೊಲಗಳಲ್ಲಿ ಮೇಯಿಸಲು ಹಿಂಡು ಹೊಡೆದುಕೊಂಡು ಮಗ ಸೊಸೆ ತಾಂಡೂರಿನ ಕಡೆ ಹೋಗಿದ್ದರು.

"ಸುತ್ತಮುತ್ತ ಊರ ಮಂದಿ ನನ್ನ ಕೈಲಿ ಎತ್ತಿಸ್ಕೊಂಡ್ ಹೋಗ್ತಾರ," ಅಂದಳು. "ಕೂಸಿಗಿ ನನ್ನ ಉಡ್ಯಾಗ ಹಾಕಿ ಹೋಗ್ಯಾರ. ಮಂದಿ ಮಕ್ಕಳಿಗಿ ಎತ್ತಿದಾಕಿ ಮೊಮ್ಮಗಳಿಗಿ ಎತ್ತಲಿಲ್ಲ, ಕೂಸು ಕೈ ಬಿಟ್ಟು ಹೋತು ಅಂದ್ರ ನನ್ನ ಮಗನಿಗಿ ಯಾವ ಮಾರಿ ತೋರಿಸ್ಲಿ? ಬಿಡ್ರಿ, ಒಂದ್ ಸಲ ಒತ್ತೀನಂದ್ರ ಆತು."

ನನಗೆ ಸಿಟ್ಟು ನೆತ್ತಿಗೇರಿತ್ತು. ಕಿತ್ತುಕೊಳ್ಳಬೇಕೆನಿಸಿತು. ಕಿತ್ತುಕೊಂಡರೆ ಮಗು ಅಳುತ್ತದೆ, ಅತ್ತರೆ ಅಲ್ಲಿಗೇ ಮುಗಿಯಬಹುದು. ಮಗು ಶಾಂತವಾಗಿದ್ದುದೇ ಆ ಮುದುಕಿಯ ಮೈಗೆ ಆತುಕೊಂಡಿದ್ದರಿಂದ. ಬೇರೆ ದಾರಿಯೇ ಇಲ್ಲದೆ ಚೌಕಾಶಿಗೆ ಇಳಿದೆ.

"ಆಯಿ, ಹೆಬ್ಬೆರಳು ಬ್ಯಾಡ. ಸುಣ್ಣ ಹಚ್ಚು."

"ಎತ್ತದೇ ಬರೇ ಸುಣ್ಣ ಹಚ್ಚಿದ್ರ ಏನ್ ಬಂತ್ರಿ?"

"ಅರ್ಧ ಕೆಲಸ ನೀ ಮಾಡು, ಅರ್ಧ ನಾ ಮಾಡ್ತೀನಿ. ನೆತ್ತಿ ನಿಂದು, ಗಂಟ್ಲ ನಂದು."

ಮಗುವಿನ ಉಸಿರು ಎಳೆದ ಸದ್ದು ನಮ್ಮಿಬ್ಬರ ನಡುವೆ ಕೇಳುತ್ತಿತ್ತು. ಕೊನೆಗೆ ಅವಳು ಸೊಂಟದ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಕಮಲಿಯ ನೆತ್ತಿಗೆ ಒಂದು ಬೊಟ್ಟು ಹಚ್ಚಿದಳು. ಹಳದಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ನಾರಾಯಣಖೇಡದಲ್ಲಿ ಆ ದಿನ ಅರಿವಳಿಕೆಯ ಡಾಕ್ಟರು ಖಲೀಲ್ ಸಾಹೇಬರು ಇದ್ದದ್ದು ನಮ್ಮ ಪುಣ್ಯ. ಫೋನಿನಲ್ಲಿ ಎರಡು ಮಾತು ಹೇಳುವಷ್ಟರಲ್ಲಿ ಅವರಿಗೆ ಅರ್ಥವಾಯಿತು. "ಬರ್ರಿ ಮೇಡಂ, ಎಲ್ಲ ತಯಾರ್ ಇಡ್ತೀನಿ. ಸೂಜಿ ಗೀಜಿ ಏನೂ ಹಾಕಬ್ಯಾಡ್ರಿ. ಪೋರಿ ಅಳಬಾರ್ದು, ಬಸ್."

ಜೀಪಿನ ಮುಂದಿನ ಸೀಟಿನಲ್ಲಿ ಸಂಗಮ್ಮ, ತೊಡೆಯ ಮೇಲೆ ನೆಟ್ಟಗೆ ಕೂತ ಕಮಲಿ. ಹಿಂದೆ ಸುನೀತಾ ಮತ್ತು ನಾನು, ನನ್ನ ಕೈಯಲ್ಲಿ ದಪ್ಪ ಸೂಜಿ. ಕತ್ತಿನ ಆ ತಗ್ಗು ನಾಲ್ಕು ವರ್ಷದ ಮಗುವಿನಲ್ಲಿ ಎಷ್ಟು ಸಣ್ಣದೆಂದು ನನಗೆ ಗೊತ್ತು. ಚುಚ್ಚುವ ಹೊತ್ತು ಬಾರದಿರಲಿ ಎಂದು, ದೇವರನ್ನು ನಂಬದ ನಾನು ಯಾರ್ಯಾರನ್ನೋ ಬೇಡಿಕೊಂಡೆ. ದಾರಿಯ ನಡುವೆ ಯಾರದೋ ಕುರಿ ಹಿಂಡು ರಸ್ತೆ ತುಂಬ ನಿಂತಿತ್ತು. ಡ್ರೈವರ್ ಹಾರ್ನ್ ಕಡೆ ಕೈ ಚಾಚಿದ, ಮಗು ಬೆಚ್ಚೀತೆಂದು ಹಿಂದಿನಿಂದ ಅವನ ತೋಳು ಹಿಡಿದೆ. ಸಂಗಮ್ಮ ಕಿಟಕಿಯಿಂದ ತಲೆ ಹಾಕಿ ಗಂಟಲಿನಾಳದಿಂದ ಒಂದು ಸದ್ದು ಹೊರಡಿಸಿದಳು, ಕುರಿ ಕಾಯುವವರು ಹಿಂಡು ತಿರುಗಿಸಲು ಮಾಡುವ ಸದ್ದು. ಕುರಿಗಳು ಪಕ್ಕಕ್ಕೆ ಸರಿದವು. ಹುಟ್ಟಿದಂದಿನಿಂದ ಅದನ್ನು ಕೇಳುತ್ತ ಬಂದ ಕಮಲಿ ಬೆಚ್ಚಲಿಲ್ಲ, ಕಣ್ಣು ಹೊರಳಿಸಿ ಕುರಿಮರಿಗಳನ್ನು ನೋಡಿದಳು ಅಷ್ಟೆ.

ಊರು ಹತ್ತಿರವಾಗುತ್ತಿದ್ದಂತೆ ಉಸಿರಿನ ಸದ್ದು ಇಳಿಯಿತು. ಸಂಗಮ್ಮ ಹಿಂದೆ ತಿರುಗಿದಳು, ಮುಖ ಅರಳಿತ್ತು.

"ಸಪ್ಪಳ ಕಮ್ಮಿ ಆತ್ರಿ ಬಾಯೋರ. ಸುಣ್ಣ ಹಿಡೀತು."

ಸದ್ದು ಕಡಿಮೆಯಾಗಿದ್ದು ದಾರಿ ತೆರೆದದ್ದಕ್ಕಲ್ಲ, ಸದ್ದು ಮಾಡುವಷ್ಟು ಗಾಳಿಯೂ ಹೋಗುತ್ತಿಲ್ಲವಾದ್ದರಿಂದ. ಮಗುವಿನ ತುಟಿ ಬಣ್ಣಗೆಡುತ್ತಿತ್ತು. ಇದನ್ನು ಚೆನ್ನಾಗಿ ನೆನಪಿಡಿ, ಏದುತ್ತಿರುವ ರೋಗಿ ಇದ್ದಕ್ಕಿದ್ದಂತೆ ಸುಮ್ಮನಾದರೆ ಖುಷಿಪಡಬೇಡಿ. ಡ್ರೈವರ್‌ನ ಹೆಗಲು ತಟ್ಟಿದೆ, ಅವನು ಇನ್ನಷ್ಟು ಜೋರಾಗಿ ಓಡಿಸಿದ.

ಖಲೀಲ್ ಸಾಹೇಬರು ಸಂಗಮ್ಮನನ್ನೂ ಆಪರೇಷನ್ ಕೋಣೆಯೊಳಗೆ ಬಿಟ್ಟುಕೊಂಡರು. ಅವಳ ತೊಡೆಯ ಮೇಲೆ ಕೂತಂತೆಯೇ ಮಗುವಿನ ಮುಖದ ಹತ್ತಿರ ಗ್ಯಾಸಿನ ಮಾಸ್ಕ್ ಹಿಡಿದು, ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕಮಲಿಯ ಕಣ್ಣು ಮುಚ್ಚಿತು. ಟೇಬಲ್ಲಿಗೆ ಎತ್ತಿಕೊಂಡೆವು, ಸಂಗಮ್ಮನನ್ನು ಹೊರಗೆ ಕಳಿಸಿದೆವು. ಉಸಿರ್ನಾಳಕ್ಕೆ ನಳಿಕೆ ಇಳಿಸುವುದು ಸಾಹೇಬರ ಕೆಲಸ. ಅದು ಆಗದಿದ್ದರೆ ಕತ್ತು ಸೀಳಿ ದಾರಿ ಮಾಡುವುದು ನನ್ನ ಕೆಲಸ. ಕತ್ತಿಗೆ ಔಷಧಿ ಬಳಿದು ಬ್ಲೇಡ್ ಹಿಡಿದು ನಿಂತೆ.

ಸಾಹೇಬರು ಬಾಯಿಯೊಳಗೆ ಲೈಟ್ ಬಿಟ್ಟು ಬಗ್ಗಿದರು. "ಏನೂ ಕಾಣವಲ್ದು ಮೇಡಂ."

ನಾನೂ ಬಗ್ಗಿ ನೋಡಿದೆ. ಎಲೆಯ ಹಾಗೆ ತೆಳ್ಳಗಿರಬೇಕಾದ ಮುಚ್ಚಳ ಹಣ್ಣಾದ ಬಾರಿಕಾಯಿಯಂತೆ ಕೆಂಪಗೆ ಗುಂಡಗೆ ಉಬ್ಬಿ ಕೂತಿತ್ತು. ಅದರ ಹಿಂದೆ ಧ್ವನಿತಂತು ಎಲ್ಲಿ, ದಾರಿ ಎಲ್ಲಿ, ಒಂದೂ ತಿಳಿಯದು. ರಕ್ತದ ಆಮ್ಲಜನಕ ಅಳೆಯುವ ಯಂತ್ರದ ಬೀಪ್ ಸದ್ದು ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಿತ್ತು. ನನ್ನ ಬ್ಲೇಡ್ ಚರ್ಮಕ್ಕೆ ತಾಗಿತು.

"ರುಕೋ, ತಡೀರಿ," ಅಂದರು ಸಾಹೇಬರು. "ಸುನೀತಾ, ಎದಿ ಒತ್ತಮ್ಮ. ಹಗೂರಕ."

ಸುನೀತಾ ಅಂಗೈ ಇಟ್ಟು ಒತ್ತಿದಳು. ಏನೂ ಇಲ್ಲ. ಇನ್ನೊಮ್ಮೆ ಒತ್ತಿದಳು. ಆ ಕೆಂಪು ಉಬ್ಬಿನ ಹಿಂದೆ, ಜೊಲ್ಲಿನ ನಡುವೆ, ಸಣ್ಣದೊಂದು ಗುಳ್ಳೆ ಎದ್ದಿತು. ಎದೆಯೊಳಗಿನ ಗಾಳಿ ಎಲ್ಲಿಂದ ಹೊರಬಂತೋ ದಾರಿ ಅಲ್ಲೇ ಇರಬೇಕು. ಗುಳ್ಳೆ ಒಡೆಯುವ ಮೊದಲೇ ಸಾಹೇಬರು ನಳಿಕೆಯನ್ನು ಅದರೊಳಕ್ಕೆ ಜಾರಿಸಿದರು. ಎದೆ ಎದ್ದಿತು. ಬೀಪ್ ಸದ್ದು ಮತ್ತೆ ಮೇಲಕ್ಕೆ ಹತ್ತತೊಡಗಿತು. ನಾನು ಬ್ಲೇಡನ್ನು ಟ್ರೇಗೆ ಹಾಕಿ ಗೋಡೆಗೆ ಒರಗಿ ಅತ್ತುಬಿಟ್ಟೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಬಾಗಿಲ ಹೊರಗೆ ಸಂಗಮ್ಮ ಮುಷ್ಟಿ ಬಿಚ್ಚದೆ ನೆಲದ ಮೇಲೆ ಕೂತಿದ್ದಳು. ಸುದ್ದಿ ಕೇಳಿ ತಾಂಡೂರಿನಿಂದ ಓಡಿಬಂದ ಮಗನಿಗೆ ಅವಳು ಹೇಳಿದ್ದು ಇಷ್ಟು: "ಮ್ಯಾಲ ನಾ ಸುಣ್ಣ ಹಚ್ದೆ, ಒಳಗ ಬಾಯೋರು ನೋಡ್ಕೊಂಡ್ರು." ನನಗೆ ಮೈಯೆಲ್ಲ ಉರಿಯಿತು. ಖಲೀಲ್ ಸಾಹೇಬರು ನಕ್ಕು, "ಅರ್ಧ ತಗೊಳ್ಲಿ ಬಿಡ್ರಿ ಮೇಡಂ, ಮಾತು ನೀವೇ ಕೊಟ್ಟೀರಲ್ಲ" ಅಂದರು. ಔಷಧಿಗೆ ಬಾವು ಇಳಿದು ನಳಿಕೆ ತೆಗೆದ ಮೇಲೆ ಕಮಲಿ ನನ್ನ ಜೊತೆ ಮಾತಾಡಲೇ ಇಲ್ಲ, ಕಂಡಾಗಲೆಲ್ಲ ಮುಖ ತಿರುಗಿಸಿ ಅಜ್ಜಿಯ ಸೆರಗಿನಲ್ಲಿ ಅಡಗಿದಳು. ಅವಳ ದನಿ ಹೇಗಿದೆಯೆಂದು ತಿಳಿಯದೆಯೇ ಮನೆಗೆ ಕಳಿಸಿದೆ.

ಹೊರಡುವ ಮೊದಲು ಸಂಗಮ್ಮನನ್ನು ಕೂರಿಸಿಕೊಂಡು, ಇನ್ನು ಈ ಕೆಲಸ ಬಿಟ್ಟುಬಿಡು ಎಂದು ಗದರಿದೆ. ಅವಳು ಶಾಂತವಾಗಿಯೇ ಹೇಳಿದಳು. "ನಾ ಬಿಟ್ರ ಮಂದಿ ಇನ್ನೊಬ್ಬಾಕಿ ಬಲ್ಲಿ ಹೋಗ್ತಾರ್ರಿ. ಆಕಿ ಬಾಯಾಗ ಕೈ ಹಾಕ್ತಾಳ. ಯಾವದಕ್ಕ ಕೈ ಹಾಕಬಾರ್ದು, ಅದು ಹೇಳ್ರಿ ನನಗ." ಜೊಲ್ಲು ನುಂಗದೆ ಹರಿಯುತ್ತಿದ್ದರೆ, ಗದ್ದ ಚಾಚಿ ಕೂತಿದ್ದರೆ, ಉಸಿರು ಎಳೆಯುವಾಗ ಸಪ್ಪಳ ಬಂದರೆ ಮುಟ್ಟಬೇಡ, ಮಲಗಿಸಬೇಡ, ಅಳಿಸಬೇಡ ಎಂದೆ. "ಬರೇ ಕೈಲಿ ಕಳಿಸಿದ್ರ ಹೋಗಂಗಿಲ್ಲರಿ ಅವರು, ಏನರೆ ಮಾಡಬೇಕು," ಅಂದಳು. ಸರಿ, ಸುಣ್ಣ ಹಚ್ಚಿ ಕಳಿಸು ಎಂದೆ. ನೆತ್ತಿಯ ಮೇಲೆ ಸುಣ್ಣವಿದ್ದ ಮಗು ಬಂದರೆ ಯಾರೂ ಬಾಯಿ ತೆಗೆಸಬಾರದು, ಮೊದಲು ನನ್ನನ್ನು ಕರೆಯಬೇಕು ಎಂದು ನಮ್ಮ ನರ್ಸ್‌ಗಳಿಗೂ ಹೇಳಿಟ್ಟೆ. ಆಮೇಲೆ ಬಂದ ಸುಣ್ಣದ ಮಕ್ಕಳಲ್ಲಿ ಬರೀ ನೆಗಡಿಯವರೂ ಇದ್ದರು. ಸುನೀತಾ ನಗುತ್ತಿದ್ದಳು. ಬರಲಿ ಬಿಡು ಅನ್ನುತ್ತಿದ್ದೆ. ವರ್ಷಗಳು ಕಳೆದಂತೆ ಸುಣ್ಣ ಬರುವುದು ಕಡಿಮೆಯಾಯಿತು, ಒಂದು ದಿನ ಸಂಗಮ್ಮ ತೀರಿಕೊಂಡ ಸುದ್ದಿ ಬಂತು. ಅಲ್ಲಿಗೆ ಅದೂ ಮುಗಿಯಿತೆಂದುಕೊಂಡೆ.

ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ, ಜಹೀರಾಬಾದಿನಲ್ಲಿ, ಬೆಳಗಿನ ಸಾಲು ಜೋರಾಗಿತ್ತು. ಕಾಲೇಜು ಹುಡುಗಿಯೊಬ್ಬಳು ಸಾಲು ಸೀಳಿಕೊಂಡು ಒಳಗೆ ಬಂದಳು. ಎದೆಗೆ ಒರಗಿಸಿಕೊಂಡು ಒಂದು ಗಂಡುಮಗುವನ್ನು ನೆಟ್ಟಗೆ ಹಿಡಿದಿದ್ದಳು, ಹಿಂದೆ ಅದರ ತಾಯಿ ಅಳುತ್ತ ಬರುತ್ತಿದ್ದಳು. ಒಳಗೆ ಹೋಗುವ ಉಸಿರಿಗೆ ಅದೇ ತೆಳ್ಳಗಿನ ಸದ್ದು. ಮಗುವಿನ ನೆತ್ತಿಯ ಮೇಲೆ ಬೆಳ್ಳಗೆ ಒಂದು ಬೊಟ್ಟು ಸುಣ್ಣ.

"ಬಾಯಾಗ ಕೈ ಹಾಕಿಲ್ಲರಿ, ಮಲಗ್ಸಿಲ್ಲರಿ, ಅಳ್ಸಿಲ್ಲರಿ," ಅಂದಳು ಹುಡುಗಿ.

ಸುನೀತಾ ಟಾರ್ಚ್ ಮುಟ್ಟಲಿಲ್ಲ. ಅರಿವಳಿಕೆಯವರಿಗೆ ಫೋನ್ ಹಚ್ಚುತ್ತಲೇ ಮಗುವನ್ನು ಕೂತಂತೆಯೇ ಒಳಗೆ ಕರೆದೊಯ್ದಳು. ಈ ಸಲ ಗಂಟಲಿನ ಹಿಂಗೋಡೆಯಲ್ಲಿ ಕೀವು ತುಂಬಿತ್ತು. ಹುಷಾರಾಗಿ ತೆಗೆದೆವು, ಮಗು ಉಳಿಯಿತು. ಹೊರಗೆ ಬಂದಾಗ ಆ ಹುಡುಗಿ ಬೆಂಚಿನ ಮೇಲೆ ಕೂತು ಬೆರಳಿಗಂಟಿದ ಸುಣ್ಣ ಉಜ್ಜಿಕೊಳ್ಳುತ್ತಿದ್ದಳು. ಯಾರಮ್ಮ ನೀನು ಎಂದೆ.

"ಕಂಗ್ಟಿ ಕಡಿಯಾಕಿರಿ, ಇಲ್ಲಿ ಕಾಲೇಜ್ ಓದ್ತೀನ್ರಿ. ಬಾಜೂ ಮನಿ ಕೂಸದು. ಸಂಗಮ್ಮ ಆಯಿ ಅಂತ ಇದ್ಲು, ಆಕಿ ಮೊಮ್ಮಗಳು. ಕಮಲಿ ಅಂತಾರ್ರಿ."

ನನ್ನನ್ನು ಅವಳು ಗುರುತಿಸಲಿಲ್ಲ. ನಾನು ಅಂದು ಕೇಳದೆಯೇ ಮನೆಗೆ ಕಳಿಸಿದ ದನಿ ಅದು. ನನ್ನ ಮುಂಗೋಪಿ ಗುರುಗಳು ಕಲಿಸಿದಂತೆ ಕಣ್ಣು ಮುಚ್ಚಿ, "ಇನ್ನೊಮ್ಮೆ ಹೇಳಮ್ಮ" ಎಂದೆ. ಕಿವಿಯ ಡಾಕ್ಟರಿಗೇ ಕಿವಿ ಕೇಳುವುದಿಲ್ಲ ಅಂದುಕೊಂಡಳೇನೋ, ನನ್ನ ಹತ್ತಿರ ಬಗ್ಗಿ, ಇಡೀ ಸಾಲಿಗೆ ಕೇಳುವ ಹಾಗೆ ಗಟ್ಟಿಯಾಗಿ ತನ್ನ ಹೆಸರು ಹೇಳಿದಳು.